ಗೂಡಿನ ಅಳತೆ

ಗುಂಡಿಯ ಆಳ ನೋಡಿದವರು ತಲೆಯಾಡಿಸಿ ಒಪ್ಪಿದರು. ಉದ್ದ ನೋಡಿದ ಮೇಲೆ ಹುಬ್ಬು ಗಂಟಿಕ್ಕಿದರು. ಶಿವಪುತ್ರ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗೆ ಬಗ್ಗಿ ನೋಡಿದ.

"ಗೌಡ್ರ, ಇದೇನ್ರಿ ಇದು?"

"ಯಾಕೆ, ಆಳ ಸಾಲ್ದಾ?" ಎಂದ ಚಿಕ್ಕಬೈರಪ್ಪ. ತೀರಿಕೊಂಡಿದ್ದು ಅವನ ಮನೆಯಲ್ಲಿ ಬಾಡಿಗೆಗಿದ್ದವನು, ಶಿವಪುತ್ರನ ಅಣ್ಣ. ಚಿಕ್ಕಬೈರಪ್ಪ ಬೆಳಿಗ್ಗೆಯೇ ಎದ್ದು, ರಾಜಾನುಕುಂಟೆಯ ಈ ಸ್ಮಶಾನದಲ್ಲಿ ತನ್ನವರ ಸಾಲಿನಲ್ಲೇ ಜಾಗ ಬಿಡಿಸಿ, ಜೆಸಿಬಿ ತರಿಸಿ ತೋಡಿಸಿದ್ದ.

"ಆಳ ಬರೋಬರಿ ಐತ್ರಿ. ಆದ್ರ ನಾವು ಲಿಂಗಾಯತರು, ಮಲಗಸೂದಿಲ್ಲ, ಕುಂದರಸ್ತೀವಿ. ಗುಂಡಿ ಗೋಡ್ಯಾಗ ಗೂಡು ಕೊರದು ಅದರಾಗ ಕುಂದರಸಬೇಕು."

"ಇಂಗೆ ಅಂತ ಮೊದ್ಲೇ ಏಳ್ಬಾರ್ದೇನ್ರೀ. ನಮ್ಮಪ್ಪ, ನಮ್ ತಾತ ಎಲ್ಲಾ ಉದ್ದುಕ್ಕೆ ಮನಿಕ್ಕಂಡವ್ರೆ ಇಲ್ಲಿ."

"ಪಕ್ಕದಲ್ಲಿ ಇನ್ನೊಂದ್ ತೋಡ್ಲಾ ಸಾರ್?" ಎಂದ ಜೆಸಿಬಿಯವನು.

"ಎಲ್ಲಿ ತೋಡ್ತೀಯಾ? ಈ ಕಡೆ ನಮ್ ದೊಡ್ಡಪ್ಪ, ಆ ಕಡೆ ಅವ್ರೆಂಡ್ತಿ. ಅವ್ರನ್ನ ಎಬ್ಬುಸ್ತೀಯಾ?"

ಅಲ್ಲೇ ಬೇವಿನ ಮರದಡಿ ನಿಂತಿದ್ದ ಸೋಮನಾಥನಿಗೆ ಬೆನ್ನ ಹಿಂದೆ ಯಾರೋ ನಕ್ಕಂತಾಯಿತು. ರೂಢಿಯಂತೆ ಎಡಕ್ಕೆ ತಿರುಗಿ, "ಅಪ್ಪಾ" ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಅಪ್ಪ ಗುರುಪಾದಪ್ಪ ನಿನ್ನೆ ಬೆಳಿಗ್ಗೆ ಕಾಲೇಜಿನ ಕೆಲಸಕ್ಕೆ ಹೊರಡಲೆಂದು ಬೂಟು ಹಾಕಿಕೊಳ್ಳಲು ಬಗ್ಗಿದವನು ಮೇಲೆ ಏಳಲೇ ಇಲ್ಲ. ಆಗಿನಿಂದ ಸೋಮನಾಥನಿಗೆ ಅಳು ಬಂದಿರಲಿಲ್ಲ. ಇದ್ದದ್ದು ಒಂದೇ ಚಿಂತೆ: ಇನ್ನು ಯಾರನ್ನು ಕೇಳುವುದು?

"ನೀ ಹೋಗಿ ಗಾಡ್ಯಾಗ ಕುಂದರು, ಸೋಮಾ. ಬಿಸಲಾಗ ನಿಂದರಬ್ಯಾಡ," ಎಂದ ಶಿವಪುತ್ರ.

ಬಿಸಿಲೇ ಇರಲಿಲ್ಲ.

"ಗುಳಗಿ ತಗೊಂಡಿಯಿಲ್ಲೊ?"

"ತಗೊಂಡೀನಿ, ಕಾಕಾ."

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬರಿಹೊಟ್ಟೆಯಲ್ಲಿ ಆ ಗುಳಿಗೆ ನುಂಗುವಂತಿಲ್ಲ. ಅಷ್ಟು ಜನರ ಅಳುವಿನ ನಡುವೆ ಅದನ್ನು ನೆನಪಿಟ್ಟವಳು ಚಿಕ್ಕಬೈರಪ್ಪನ ಹೆಂಡತಿ ಗೌರಮ್ಮ. ಇಡ್ಲಿಯ ತಟ್ಟೆಗೆ ಸೆರಗು ಮುಚ್ಚಿ ತಂದು, ನೀರಿನ ಮನೆಯಲ್ಲಿ ನಿಲ್ಲಿಸಿ ತಿನ್ನಿಸಿದ್ದಳು.

*

ಎರಡು ವರ್ಷದ ಹಿಂದೆ ಸೋಮನಾಥನ ಕಿವಿಯಲ್ಲಿ ಆ ದನಿ ಶುರುವಾದಾಗ ಬರೀ ಹೆಸರು ಹಿಡಿದು ಕರೆಯುತ್ತಿತ್ತು. ಆಮೇಲೆ ನಗತೊಡಗಿತು. ಆಮೇಲೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳತೊಡಗಿತು. ಸೋಮನಾಥ ಯಲಹಂಕದ ಮೊಬೈಲ್ ಅಂಗಡಿಯ ಕೆಲಸ ಬಿಟ್ಟು ಕೋಣೆಯ ಕಿಟಕಿ ಮುಚ್ಚಿ ಕೂತ. ಗುಳಿಗೆಗಳು ಸದ್ದನ್ನು ಬಹಳ ಮಟ್ಟಿಗೆ ತಗ್ಗಿಸಿದವು. ಉಳಿದದ್ದಕ್ಕೆ ಅಪ್ಪ ಒಂದು ದಾರಿ ಕಂಡುಕೊಂಡ.

"ಏನರ ಕೇಳಿಸಿದ್ರ ನನಗ ಕೇಳು. ನನಗೂ ಕೇಳಿಸಿದ್ರ ಹೌದಂತೀನಿ. ಇಲ್ಲಂದ್ರ ಇಲ್ಲಂತೀನಿ. ನಿನ್ನ ಸಮಾಧಾನಕ್ಕಂತ ಸುಳ್ಳ ಹೇಳೂದಿಲ್ಲ."

ಹಾಗೇ ನಡೆಯಿತು. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಸೋಮನಾಥ ಬಗ್ಗಿ ಕೇಳುವನು, "ಯಾರರ ಕರದರೇನು?" ಟೊಮೆಟೊ ರೇಟು ಹೇಳುವ ದನಿಯಲ್ಲೇ ಅಪ್ಪ "ಇಲ್ಲ" ಎನ್ನುವನು. ಕೆಲವೊಮ್ಮೆ "ಹೌದು, ಕಂಡಕ್ಟರ್ ಕರಿಯಾಕತ್ತಾನ, ಚಿಲ್ಲರ ತಗೋ." ಆರು ತಿಂಗಳಲ್ಲಿ ಸೋಮನಾಥ ಅರ್ಧ ದಿನದ ಮಟ್ಟಿಗೆ ಅಂಗಡಿಗೆ ಮರಳಿದ್ದ.

ಕಾಕಾನಿಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ. ಶೆಟ್ಟಿಹಳ್ಳಿಯಲ್ಲಿ ನೆಂಟರ ಗೃಹಪ್ರವೇಶದ ದಿನ ಸೋಮನಾಥ ಹಾಗೆ ಕೇಳಿದ್ದು ಕಿವಿಗೆ ಬಿದ್ದು, ಶಿವಪುತ್ರ ಎಲೆ ಬಿಟ್ಟು ಎದ್ದಿದ್ದ. "ನಾಕ ಮಂದಿಯೊಳಗ ಇದೇನಣ್ಣಾ?" ಅಣ್ಣ ಹೋಳಿಗೆ ಮುರಿಯುತ್ತ, "ನಾಕ ಮಂದಿ ಇದ್ದಾಗನ ಕೇಳಬೇಕಲ್ಲೊ. ಒಬ್ಬನ ಇದ್ದಾಗ ಯಾರನ್ನ ಕೇಳ್ತಾನ?" ಎಂದಿದ್ದ.

*

ಟ್ರ್ಯಾಕ್ಟರು ಬಂತು. ಬಾಳೆಕಂಬ ಕಟ್ಟಿದ ಮಂಟಪದಲ್ಲಿ ಗುರುಪಾದಪ್ಪ ಹಣೆತುಂಬ ವಿಭೂತಿ ಧರಿಸಿ ನೆಟ್ಟಗೆ ಕೂತಿದ್ದ. ದಾಸರಹಳ್ಳಿಯ ಭಜನೆಯವರು ತಾಳ ನಿಲ್ಲಿಸಿದರು. ಗುಂಡಿಯ ಒಂದು ತುದಿಯ ಗೋಡೆಗೆ ಇಬ್ಬರು ಗುದ್ದಲಿ ಹಾಕಿ ಗೂಡು ಕೊರೆಯುತ್ತಿದ್ದರು. ಗಟ್ಟಿ ಮಣ್ಣು, ಪುಡಿಪುಡಿಯಾಗಿ ಉದುರುತ್ತಿತ್ತು.

"ಎತ್ತರ ನೋಡಕೋರಿ," ಎಂದರು ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು. "ತಲಿ ಮಣ್ಣಿಗೆ ತಾಗಬಾರದು. ಒಮ್ಮೆ ಕುಂದರಿಸಿದ ಮ್ಯಾಲ ಮತ್ತ ಎಬ್ಬಸಾಕ ಬರೂದಿಲ್ಲ."

ಕೊರೆಯುವವರು ಮುಖ ಮುಖ ನೋಡಿಕೊಂಡರು. ಗುರುಪಾದಪ್ಪನ ಊರಿನಲ್ಲಾದರೆ ಕಣ್ಣಳತೆಯಲ್ಲೇ ತೋಡುವವರಿದ್ದರು. ಇಲ್ಲಿ ಗುದ್ದಲಿ ಹಿಡಿದವರಲ್ಲಿ ಒಬ್ಬರೂ ಇಂಥದ್ದನ್ನು ಕಂಡವರಲ್ಲ.

ಸೋಮನಾಥ ಜೀಪಿನಿಂದ ಇಳಿದು ಬಂದ. "ನಾ ಕುಂತು ನೋಡ್ತೀನಿ. ಅಪ್ಪಂದು ನಂದು ಒಂದ ಎತ್ತರ."

"ಜೀವ ಇದ್ದವರು ಗೂಡಿನಾಗ ಕುಂದರತಾರೇನೋ?" ಸೋದರತ್ತೆ ಚನ್ನಕ್ಕ ಎದೆ ಹಿಡಿದುಕೊಂಡಳು. "ಮದಲ ಇವನ ತಲಿ..." ಅಲ್ಲಿಗೇ ತಡೆದಳು.

"ಬ್ಯಾಡ," ಎಂದ ಶಿವಪುತ್ರ. "ಒಳಗ ಹೋದ ಮ್ಯಾಲ ನಿನಗ ಏನರ ಆದ್ರ?"

ಸೋಮನಾಥ ಅವ್ವನ ಕಡೆ ನೋಡಿದ. ರತ್ನಕ್ಕ ಗಂಡನ ಮಂಟಪದ ಕಂಬ ಹಿಡಿದು ನಿಂತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"ಇಳೀಲಿ ಬಿಡ್ರಿ," ಎಂದಳು. "ಅವರ ಲಿಂಗಾ ಹಿಡದು ಕುಂತಾಂವ ಅವ."

*

ಅವಳು ಹೇಳಿದ್ದು ಹೋದ ವರ್ಷದ ಮಾತು. ಆಸ್ಪತ್ರೆಯಲ್ಲೊಂದು ಅಧ್ಯಯನ ನಡೆದಿತ್ತು. ಕಾಯಿಲೆ ಹೊಸದಾಗಿ ಶುರುವಾದವರ ಮಿದುಳನ್ನೂ ಅವರ ಮನೆಯವರ ಮಿದುಳನ್ನೂ ಸ್ಕ್ಯಾನ್ ಮಾಡಿ ಹೋಲಿಸುತ್ತಿದ್ದರು. "ಮಿದುಳಿನ ಒಂದೊಂದು ಭಾಗಾನೂ ಇನ್ನೊಂದರ ಜೊತೆ ಮಾತಾಡ್ತಾನೇ ಇರುತ್ತೆ," ಎಂದು ಡಾಕ್ಟರ್ ರೂಬಿ ವಿವರಿಸಿದ್ದರು. "ಈ ಕಾಯಿಲೆ ಇರೋರಲ್ಲಿ ಕೆಲವು ಕಡೆ ಆ ಮಾತುಕತೆ ಕಮ್ಮಿ, ಕೆಲವು ಕಡೆ ಜಾಸ್ತಿ. ತುಂಬ ಜನರದ್ದು ಒಟ್ಟಿಗೆ ನೋಡಿದಾಗ ಕಾಣೋ ವ್ಯತ್ಯಾಸ ಇದು. ಒಬ್ಬರ ಚಿತ್ರ ಇಟ್ಕೊಂಡು ನಾಳೆ ಹೀಗೇ ಆಗುತ್ತೆ ಅಂತ ಹೇಳೋಕಾಗಲ್ಲ."

"ಅಂದ್ರ ಎಲ್ಲೂ ಹರದಿಲ್ಲಲ್ರಿ?" ಎಂದು ಕೇಳಿದ್ದ ಗುರುಪಾದಪ್ಪ.

"ಹರಿದಿಲ್ಲ. ಜೋಡಣೆ ಬೇರೆ ಥರ ಇದೆ, ಅಷ್ಟೆ. ಬದಲಾಗ್ತಾನೂ ಇರುತ್ತೆ."

ಯಂತ್ರದೊಳಗೆ ಹೋಗುವ ಮೊದಲು ಕೊರಳಲ್ಲಿರುವುದನ್ನೆಲ್ಲ ತೆಗೆಯಬೇಕೆಂದರು. ಗುರುಪಾದಪ್ಪನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಹರ್ನಿಯಾ ಆಪರೇಷನ್ನಿನ ದಿನವೂ ಮೈ ಬಿಟ್ಟು ಇಳಿಸದ ಲಿಂಗ. ಬಹಳ ಹೊತ್ತು ಬೆಂಚಿನ ಮೇಲೆ ಕೂತಿದ್ದ. ಕೊನೆಗೆ ತೆಗೆದು ಮಗನ ಅಂಗೈಯಲ್ಲಿಟ್ಟ. "ಹೊಳ್ಳಿ ಬರೂತನಕ ಹಿಡಕೊ. ಕೆಳಗ ಇಡಬ್ಯಾಡ."

ಗುಳಿಗೆಯಿಂದ ಸೋಮನಾಥನ ಕೈ ನಡುಗುತ್ತಿತ್ತು. ಅಪ್ಪ ಹೊರಬಂದವನೇ ಕೇಳಿದ, "ಏನರ ಅಂತೇನು ಅದು?"

"ಬಿಡು ಅಂತು."

"ನೀ?"

"ಹಿಡದೆ."

ಅಪ್ಪ ಲಿಂಗವನ್ನು ಕಣ್ಣಿಗೊತ್ತಿ ಕೊರಳಿಗೆ ಹಾಕಿಕೊಂಡ. ಬಸ್ಸು ಹೆಬ್ಬಾಳದಲ್ಲಿ ಸಿಕ್ಕಿ ನಿಂತಾಗ ಕಿಟಕಿಯಾಚೆ ಕೈ ತೋರಿಸಿದ. "ನೋಡು, ಇಲ್ಲಿ ರಸ್ತಾಕ್ಕೇನ ಕಡಿಮಿ? ಒಂದ ಕಡೆ ಎಲ್ಲಾರೂ ನುಗ್ಗ್ಯಾರ, ಒಂದ ಕಡೆ ಖಾಲಿ. ಡಾಕ್ಟರ್‌ಬಾಯಿ ಹೇಳಿದ್ದು ಇದನ. ಆದ್ರೂ ಎಲ್ಲಾರೂ ಮನಿ ಮುಟ್ಟತಾರೋ ಇಲ್ಲೊ?"

*

ಸೋಮನಾಥ ಏಣಿ ಹಿಡಿದು ಇಳಿದ. ಗೂಡಿನೊಳಗೆ ಹಿಮ್ಮುಖವಾಗಿ ಸರಿದು ಚಕ್ಕಳಮಕ್ಕಳ ಹಾಕಿ ಕೂತು ಬೆನ್ನು ನೆಟ್ಟಗೆ ಮಾಡಿದ. ಮಣ್ಣು ತಣ್ಣಗಿತ್ತು. ಮೇಲಿನ ಗದ್ದಲವೆಲ್ಲ ದೂರ ಸರಿಯಿತು. ಆಗ ಕಿವಿಯ ಹತ್ತಿರವೇ, ಮೊದಲ ಸಲ, ಅಪ್ಪನ ದನಿಯಲ್ಲಿ ಬಂತು: ಏಳಬ್ಯಾಡ, ಇಲ್ಲೇ ಇರು.

ಎಂಥ ಪ್ರೀತಿಯ ದನಿ. ಇದ್ದುಬಿಡಬಹುದು ಅನ್ನಿಸಿತು. ಕಷ್ಟಪಟ್ಟು ತಲೆಯೆತ್ತಿ, ಇಣುಕುತ್ತಿದ್ದ ಮುಖಗಳಲ್ಲಿ ಒಂದನ್ನು ಹುಡುಕಿದ.

"ಕಾಕಾ, ಈಗ ಅಪ್ಪ ಮಾತಾಡಿದನೇನು?"

ಎಲ್ಲರೂ ಕೇಳಿಸಿಕೊಂಡರು. ಚನ್ನಕ್ಕ ಅಲ್ಲೇ ಮೊಣಕಾಲೂರಿ ಕೈ ಮುಗಿದಳು. "ಮಾತಾಡಿದನೇನೋ ನನ್ನಪ್ಪಾ? ಏನಂದ ನಮ್ಮಣ್ಣ? ಹೇಳೋ." ಹಿಂದೆ ನಿಂತ ಹೆಂಗಸರು ಬಿಕ್ಕಿದರು. ಭಜನೆಯವನೊಬ್ಬ ತಾಳ ತಟ್ಟಲು ಕೈಯೆತ್ತಿದ. ಅಯ್ಯನವರೂ ಕಣ್ಣು ಮುಚ್ಚಿದರು. ಆ ಹೊತ್ತಿನಲ್ಲಿ ಹೌದು ಎಂದರೆ ಆಕ್ಷೇಪಿಸುವವರು ಯಾರೂ ಇರಲಿಲ್ಲ.

ಶಿವಪುತ್ರ ಅಣ್ಣನ ಮುಖ ನೋಡಿದ, ನೆರೆದ ಮಂದಿಯ ಮುಖ ನೋಡಿದ. ಆಮೇಲೆ ಗುಂಡಿಯಂಚಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ತಲೆಯನ್ನು ಒಳಕ್ಕೆ ಚಾಚಿದ.

"ಇಲ್ಲ, ಸೋಮಾ. ಮಾತಾಡಿಲ್ಲ." ದನಿ ಒಡೆಯಿತು. "ಚನ್ನಕ್ಕ ಅಳಾಕತ್ತಾಳ. ಅದು ಖರೇ. ನಾ ಕರಿಯಾಕತ್ತೀನಿ. ಇದೂ ಖರೇ. ಮತ್ತ ಯಾರೂ ಏನೂ ಅಂದಿಲ್ಲ."

ಸೋಮನಾಥ ಆ ಮುಖವನ್ನೇ ನೋಡುತ್ತ ಕೂತ. ಹಾಗೆ ನೋಡುತ್ತಲೇ ಅವನಿಗೆ ಅಳು ಬಂತು.

"ತಲಿ ತಾಗತೈತೇನು?" ಎಂದ ಶಿವಪುತ್ರ.

"ಇಲ್ಲ. ಒಂದು ಗೇಣು ಜಾಗಾ ಐತಿ."

"ಹಂಗಾದ್ರ ಸಾಕು. ಎದ್ದು ಬಾ. ಕೈ ಕೊಡು."

ಅಣ್ಣನ ಮೈಗೆ ವಿಭೂತಿ ಬಳಿದ ಕೈಗಳನ್ನು ಅವನು ಕೆಳಗೆ ಚಾಚಿದ.

ಗುರುಪಾದಪ್ಪನನ್ನು ಇಳಿಸಿ ಕೂರಿಸಿದರು. ಅಯ್ಯನವರು ಲಿಂಗವನ್ನು ಅವನ ಎಡ ಅಂಗೈಯಲ್ಲಿಟ್ಟರು. ಪತ್ರಿ ಬಿತ್ತು, ಮಣ್ಣು ಬಿತ್ತು. ಗೂಡಿನಾಚೆ ಉಳಿದ ಉದ್ದದ ಜಾಗವನ್ನು ತುಂಬಲು ಬಹಳ ಹೊತ್ತು ಹಿಡಿಯಿತು. ಚಿಕ್ಕಬೈರಪ್ಪ ಪಂಚೆ ಎತ್ತಿ ಕಟ್ಟಿ ತಾನೂ ಸಲಿಕೆ ಹಿಡಿದ. "ನಮ್ ದೊಡ್ಡಪ್ಪಂಗೆ ಮಾತಿಗೊಬ್ರು ಸಿಕ್ದಂಗಾಯ್ತು," ಎಂದ. ಸೋಮನಾಥನಿಗೆ ಅಳುವಿನ ನಡುವೆಯೇ ನಗು ಬಂತು.

ಗೇಟಿನ ಬಳಿಯ ಬೋರ್‌ವೆಲ್ ನಲ್ಲಿಯಲ್ಲಿ ಎಲ್ಲರೂ ಮಣ್ಣು ತೊಳೆದುಕೊಂಡರು. ಸೋಮನಾಥ ಕಾಲು ತೊಳೆದ, ಮುಖ ತೊಳೆದ, ಬಾಯಿ ಮುಕ್ಕಳಿಸಿದ. ಎರಡೂ ಮುಂಗೈಗಳ ಮೇಲೆ, ಕಾಕಾ ಹಿಡಿದು ಎಳೆದಲ್ಲಿ, ಅವನ ಬೆರಳ ಗುರುತುಗಳು ವಿಭೂತಿಯಲ್ಲಿ ಬೆಳ್ಳಗೆ ಮೂಡಿದ್ದವು. ಅಲ್ಲಿಗೆ ನೀರು ತಾಗದಂತೆ ಕೈ ಮೇಲೆತ್ತಿಕೊಂಡೇ ನಲ್ಲಿ ಬಿಟ್ಟು ಸರಿದ.