ಅರಮನೆಯ ಬಾಗಿಲಲ್ಲಿ ಒಡಪು

ಕೆಂಪು ಗೋಡೆ, ಮತ್ತೂ ಕೆಂಪು ಗೋಡೆ, ಎಷ್ಟು ದಾಟಿದರೂ ಇನ್ನೊಂದು ಬಾಗಿಲು, ಅದರಾಚೆ ಇನ್ನೊಂದು ಅಂಗಳ — ಈ ಚೀನಾದ ರಾಜರಿಗೆ ಕಟ್ಟಿಸಿ ಕಟ್ಟಿಸಿ ಸಾಕಾಗಲೇ ಇಲ್ಲವೇನು, ಕೂರೋಣವೆಂದರೆ ಒಂದು ಕಟ್ಟೆಯಿಲ್ಲ, ನನ್ನ ಮಂಡಿ ಬೇರೆ ಹಿಡಿದುಕೊಂಡಿದೆ, ಮುಂದೆ ಗೈಡಿನ ಹಳದಿ ಬಾವುಟ, ಅದರ ಹಿಂದೆ ನಮ್ಮ ಬೀಜ-ಗೊಬ್ಬರದ ಅಂಗಡಿಯವರೆಲ್ಲ, ಹೆಚ್ಚು ಬೀಜ ಮಾರಿದವರಿಗೆ ಕಂಪನಿ ಕೊಟ್ಟ ಪ್ರವಾಸ, ಗಂಡ ಹೆಂಡತಿ ಇಬ್ಬರಿಗೂ, ಶಿಗ್ಗಾವಿಯವರು ಜೋಡಿ, ಸವಣೂರಿನವರು ಜೋಡಿ, ಹಿರೇಕೆರೂರಿನಿಂದ ನಾನೊಬ್ಬನೇ, ನನ್ನಾಕೆ ಹಾಲವ್ವ ತೀರಿಕೊಂಡು ಮೂರು ತಿಂಗಳು, ಅವಳ ಪಾಸ್‌ಪೋರ್ಟು ನನ್ನ ಅಂಗಿಯ ಕಿಸೆಯಲ್ಲಿದೆ, ಯಾಕೆ ತಂದೆನೋ, ಯಾರು ಕೇಳುತ್ತಾರೆ — ಅಗೋ, ಹಂಡೆ, ಎಮ್ಮೆ ಮುಳುಗುವಂಥ ಕಂಚಿನ ಹಂಡೆ, ಬೆಂಕಿ ಬಿದ್ದರೆ ಆರಿಸಲು ನೀರು ತುಂಬಿಡುತ್ತಿದ್ದರಂತೆ, ಅವಳಿದ್ದಿದ್ದರೆ ರಾಜನನ್ನು ಬಿಟ್ಟು ಇದರ ಮುಂದೆಯೇ ನಿಲ್ಲುತ್ತಿದ್ದಳು, ಅಯ್ಯ ಶಿವನ, ಇದನ್ನ ತಿಕ್ಕಾಕ ಎಷ್ಟ ಹುಣಸಿಹಣ್ಣ ಬೇಕ್ರಿ, ಎನ್ನುತ್ತಿದ್ದಳು, ಸುಮ್ನ ನಡಿ, ಮಂದಿ ನೋಡಾಕತ್ತಾರ, ಎಂದು ನಾನು ಗದರುತ್ತಿದ್ದೆ, ಗದರುವುದೊಂದೇ ಬರುತ್ತಿತ್ತು ನನಗೆ.

ಸಿಂಹಾಸನದ ಮನೆಯೊಳಗೆ ಬಿಡುವುದಿಲ್ಲ, ಬಾಗಿಲಲ್ಲೇ ನೂಕುನುಗ್ಗಲು, ಇಣುಕಿದರೆ ಮಬ್ಬಿನಲ್ಲಿ ಚಿನ್ನದ ಬಣ್ಣದ ಖುರ್ಚಿ, ಖಾಲಿ — ಅಷ್ಟರಲ್ಲಿ ಸವಣೂರಿನ ಮಂಜಪ್ಪನ ಹೆಂಡತಿ ಸರೋಜವ್ವನನ್ನು ಹೆಂಗಸರು ಸುತ್ತುಗಟ್ಟಿದ್ದಾರೆ, ಒಡಪ ಹೇಳ, ಗಂಡನ ಹೆಸರ ಹೇಳದ ಮುಂದ ಬಿಡೂದಿಲ್ಲ, ನಮ್ಮ ಮದುವೆಮನೆಯ ಬಾಗಿಲಲ್ಲಿ ಅಡ್ಡಗಟ್ಟುವ ಹಾಗೆಯೇ, ಗಂಡನ ಹೆಸರನ್ನು ಬರಿದೇ ಬಾಯಲ್ಲಿ ತರಬಾರದು, ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಿದರೆ ದೋಷವಿಲ್ಲ, ಸರೋಜವ್ವ ಸೆರಗು ಸರಿಮಾಡಿಕೊಂಡಳು, ಚೀನಾದ ಅರಮನಿಗೆ ಕೆಂಪನ್ನ ಗ್ವಾಡಿ, ಮಂಜಪ್ಪನವರಿಗೂ ನನಗೂ ಚಂದನ್ನ ಜೋಡಿ — ಹೋ ಎಂದು ನಗು, ಏನೆಂದು ತಿಳಿಯದ ಚೀನಿಯರೂ ಮೊಬೈಲು ಎತ್ತಿದರು, ಮುಂದ ಯಾರ್ದ, ಕರಬಸಪ್ಪಣ್ಣಾರ ಮನಿಯವರದ, ಎಂದುಬಿಟ್ಟಳು ಒಬ್ಬಳು ಭರದಲ್ಲಿ, ನನ್ನವಳಿಲ್ಲವೆಂಬುದು ಮರೆತು, ನಗು ಅಲ್ಲೇ ನಿಂತಿತು, ಸರೋಜವ್ವ ಅವಳನ್ನು ಚಿವುಟಿದಳು, ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾರ, ಛೇ, ಅದಕ್ಕೇನವ್ವ, ನಡೀರಿ ನಡೀರಿ, ಎಂದು ನಾನೂ ನಕ್ಕೆ, ಹಾಳು ನಗು.

ಬಾವುಟ ಮುಂದೆ ಹೋಯಿತು, ನಾನು ಬಾಗಿಲಲ್ಲೇ ಉಳಿದೆ — ನಮ್ಮವಳದೂ ಒಂದು ಒಡಪಿತ್ತು, ಯಾರಿಗೆ ಹೇಳಲಿ, ನಲವತ್ತು ವರ್ಷ ರೀ ಎಂದೇ ಕರೆದವಳು, ಆಡೂರಿನಲ್ಲಿ ಮದುವೆಯ ದಿನ ಎಲ್ಲರೂ ಕಾಡಿದಾಗ ನಾಚಿ, ಒಡಪು ಹೇಳದೆ ಅತ್ತೇಬಿಟ್ಟವಳು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೊನೆಯ ದಿನ, ಎಚ್ಚರವಿದೆಯೋ ಇಲ್ಲವೋ ನೋಡಲು ಕೇರಳದ ನರ್ಸೊಬ್ಬಳು ಕೇಳಿದಳು, ಅಜ್ಜೀ, ಗಂಡನ ಹೆಸರು ಏನು, ಹಾಲವ್ವ ನನ್ನ ಕಡೆ ನೋಡಿದಳು, ಮದುಮಗಳ ಹಾಗೆ ನಕ್ಕಳು, ಉಸಿರು ಎಳೆದುಕೊಳ್ಳುತ್ತ ಶುರುಮಾಡಿದಳು, ಸವಣೂರಿನ ಎಲಿ… ಬೆಳ್ಳಿ ಡಬ್ಬ್ಯಾಗ ಸುಣ್ಣ… ನರ್ಸಿಗೆ ತಿಳಿಯಲಿಲ್ಲ, ಬಡಬಡಿಸುತ್ತಿದ್ದಾಳೆಂದುಕೊಂಡಳು, ಪಕ್ಕದ ಹಾಸಿಗೆಯವರೂ ತಿರುಗಿ ನೋಡಿದರು, ನನಗೆ ನಾಚಿಕೆ, ಥೂ, ನನ್ನ ನಾಚಿಕೆಗೆ ಬೆಂಕಿ ಹಾಕ, ಕರಬಸಪ್ಪ ಅಂತ ಬರ್ಕೋರಿ, ಎಂದುಬಿಟ್ಟೆ ನಾನೇ — ಇನ್ನೆರಡು ಉಸಿರು ತಡೆದಿದ್ದರೆ ಅವಳೇ ಹೇಳುತ್ತಿದ್ದಳು, ಎರಡೇ ಉಸಿರು — ನನ್ನ ಹೆಸರಿಗೆಂದು ತೆರೆದಿದ್ದ ಬಾಯಿ, ನನ್ನನ್ನೇ ನೋಡುತ್ತ ಮೆಲ್ಲಗೆ ಮುಚ್ಚಿಕೊಂಡ ಬಾಯಿ.