ಸಾಲು ಬಿಡುವುದು

ಹೆಗ್ಡೆಯವರು ಆಸ್ಪತ್ರೆಯ ಚೀಟಿಯನ್ನು ಮೂರನೆಯ ಸಲ ಓದಿ, ಮಡಚಿ, ಮತ್ತೆ ಬಿಡಿಸಿದರು. ಜಗಲಿಯ ಕೆಳಗೆ ನಿಂತಿದ್ದ ಕಾಂತಿ ಅವರ ಮುಖವನ್ನಲ್ಲ, ಆ ಕಾಗದವನ್ನೇ ನೋಡುತ್ತಿದ್ದಳು. ನರಿಕೊಂಬಿನಿಂದ ಬೆಳಗ್ಗೆ ಹೊರಟು, ಬಂಟ್ವಾಳದಲ್ಲಿ ಬಸ್ಸು ಹಿಡಿದು, ಮೂಡಬಿದಿರೆ ತಲುಪುವವರೆಗೂ ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಬೆವರಿಗೆ ಅದರ ಒಂದು ಮೂಲೆ ಒದ್ದೆಯಾಗಿತ್ತು.

"ಟೈಫಾಯ್ಡು, ಈಗ ಗುಣವಾಗಿದೆ ಅಂತ ಬರೆದಿದ್ದಾರೆ. ಅದು ಸರಿ," ಎಂದರು ಚಂದ್ರರಾಜ ಹೆಗ್ಡೆಯವರು. "ಆದರೆ ಇಲ್ಲಿ ಇನ್ನೊಂದು ಶಬ್ದ ಉಂಟು. ಡಿಲಿರಿಯಂ. ಸುಬ್ಬಪ್ಪ ಬಂದು ಹೇಳಿದ್ದೂ ಇದನ್ನೇ. ಹಾಗೆಂದರೆ ಹುಚ್ಚಂತೆ."

ಸುಬ್ಬಪ್ಪ ಪಕ್ಕದ ಗದ್ದೆಯವನು. ಅವನ ಭಾವ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ಕಾಂತಿಯ ಗಂಡ ಮುಂಡಪ್ಪ ಹೂಡುತ್ತಿದ್ದ ಹೊಳೆಬದಿಯ ಗದ್ದೆಯ ಮೇಲೆ ಸುಬ್ಬಪ್ಪನಿಗೆ ಕಣ್ಣು ಬಿದ್ದು ಎಷ್ಟು ವರ್ಷವಾಗಿತ್ತೋ. ಚಾಲಗೇಣಿಯ ಗದ್ದೆ ಅದು. ಈ ವರ್ಷ ಬೇಡ ಎಂದು ಧಣಿಗಳು ಒಂದು ಮಾತು ಹೇಳಿದರೆ ಮುಗಿಯಿತು, ಒಕ್ಕಲು ಎದ್ದು ಹೋಗಬೇಕು. ಜ್ವರ ನೆತ್ತಿಗೇರಿದ ದಿನ ಮುಂಡಪ್ಪ ನಡುಹಗಲಿನಲ್ಲಿ ನೇತ್ರಾವತಿಯ ಮರಳಿಗೆ ಇಳಿದು, ಇಲ್ಲದ ಕೋಣಗಳನ್ನು ಗದರಿಸುತ್ತಾ, ಇಲ್ಲದ ನೇಗಿಲು ಹಿಡಿದು ಹೂಡಿದ್ದನ್ನು ದೋಣಿ ಕಾಯುತ್ತಿದ್ದವರೆಲ್ಲ ಕಂಡಿದ್ದರು.

"ಜ್ವರದ ತಾಪಕ್ಕೆ ಆದದ್ದು ಧಣಿ. ಈಗ ಗಂಜಿ ಉಣ್ತಾರೆ, ಕೋಣ ಮೀಯಿಸ್ತಾರೆ, ನನಗೆ ಬೈತಾರೆ ಸಹ. ಮೊದಲಿನ ಹಾಗೆಯೇ."

ಹೆಗ್ಡೆಯವರ ಮೀಸೆಯ ಕೆಳಗೆ ನಗು ಸುಳಿದು ಹೋಯಿತು. "ನಾನೂ ಸುಮ್ಮನೆ ಕೂತದ್ದಲ್ಲ. ಮೊನ್ನೆ ಮಡಂತ್ಯಾರಿಗೆ ಹೋದಾಗ ಪರಿಚಯದ ಪಾದ್ರಿಯೊಬ್ಬರನ್ನು ಕೇಳಿದೆ. ಅವರ ಪೂಜೆಯ ಭಾಷೆ ಲ್ಯಾಟಿನ್ ಅಲ್ವಾ, ಈ ಶಬ್ದ ಅಲ್ಲಿಂದ ಬಂದದ್ದಂತೆ. 'ಲೀರಾ' ಅಂದರೆ ಹೂಟೆಯ ಸಾಲು. 'ದೇ' ಅಂದರೆ ಅದರಿಂದ ಆಚೆ. 'ದೇಲಿರಾರೆ' ಅಂದರೆ ಸಾಲು ಬಿಟ್ಟು ಹೋಗುವುದು. ಹುಚ್ಚಾಗುವುದಕ್ಕೆ ಅವರು ಹೇಳುವುದು ಹಾಗೆ."

ಕಾಂತಿ ಚೀಟಿಯಿಂದ ಕಣ್ಣೆತ್ತಿದಳು. "ಸಾಲು ಬಿಡುವುದು ಕೋಣ ಅಲ್ವಾ ಧಣಿ? ಹೂಡುವವನಿಗೆ ಯಾಕೆ ಆ ಹೆಸರು?"

ಹೆಗ್ಡೆಯವರಿಗೆ ಈ ಸಲ ನಗು ತಡೆಯಲಾಗಲಿಲ್ಲ. ಆದರೆ ನಕ್ಕು ಮುಗಿಸಿ ಚೀಟಿಯನ್ನು ಹಿಂದಿರುಗಿಸುವಾಗ ಅವರ ಧ್ವನಿ ಬದಲಾಗಿತ್ತು. "ಸೋಮವಾರ ನಾನೇ ಬರ್ತೇನೆ. ನನ್ನ ಎದುರು ಹೂಡಲಿ. ಸಾಲು ನೆಟ್ಟಗೆ ಹೋದರೆ ಗದ್ದೆ ಅವನಿಗೇ. ಹೋಗದಿದ್ದರೆ ಮತ್ತೆ ನೀನು ಇಷ್ಟು ದೂರ ಬರುವುದು ಬೇಡ."

ಮನೆಗೆ ಬಂದು ಕಾಂತಿ ಎಲ್ಲವನ್ನೂ ಹೇಳಿದಳು. ಹುಚ್ಚು ಎಂಬ ಮಾತನ್ನು ನುಂಗಿಬಿಡಬೇಕೆಂದಿದ್ದಳು, ಆದರೆ ಅದನ್ನು ಬಿಟ್ಟರೆ ಕಥೆಯೇ ನಿಲ್ಲುತ್ತಿರಲಿಲ್ಲ. ಮುಂಡಪ್ಪ ಹಗ್ಗ ಹೊಸೆಯುತ್ತಾ ಕೇಳಿಸಿಕೊಂಡ. ಜ್ವರಕ್ಕೆ ಉದುರಿದ ಕೂದಲು ಈಗಷ್ಟೇ ಚಿಗುರುತ್ತಿತ್ತು.

"ಆ ಭಾಷೆಯವರು ಹೂಡುವವರೇ ಇರಬೇಕು," ಎಂದ ಕೊನೆಗೆ. "ಇಲ್ಲದಿದ್ದರೆ ಈ ಮಾತು ಹೊಳೆಯುವುದಿಲ್ಲ."

"ನಿಮಗೆ ಹೆದರಿಕೆ ಆಗುವುದಿಲ್ವಾ?"

"ಆಗ್ತದೆ. ಕೈ ಇನ್ನೂ ನಡುಗ್ತದೆ, ನೋಡು." ಅವನು ಕೈ ಚಾಚಿ ತೋರಿಸಿದ. ಕಾಂತಿ ಆ ಕೈಯನ್ನು ಹಿಡಿದುಕೊಂಡಳು.

ಪಗ್ಗು ತಿಂಗಳ ನಡುಬೇಸಿಗೆಯಲ್ಲೇ ಎರಡು ಮಳೆ ಬಿದ್ದು ಮಣ್ಣು ಹದವಾಗಿತ್ತು. ಸೋಮವಾರ ಹೆಗ್ಡೆಯವರು ಕೊಡೆ ಬಿಡಿಸಿ ಬದುವಿನ ಮೇಲೆ ನಿಂತರು. ಕರೆಯದಿದ್ದರೂ ಸುಬ್ಬಪ್ಪ ಬಂದು ಅವರ ಪಕ್ಕದಲ್ಲಿ ವೀಳ್ಯ ಜಗಿಯುತ್ತಿದ್ದ. ಮುಂಡಪ್ಪ ನೊಗ ಕಟ್ಟಿ, ನೇಗಿಲ ಹಿಡಿಯನ್ನು ಒಮ್ಮೆ ಅಮುಕಿ ನೋಡಿ, ಕೋಣಗಳನ್ನು ಹೊರಡಿಸಿದ.

ಮೊದಲ ಸಾಲು ನೆಟ್ಟಗೆ ಹೋಯಿತು. ಎರಡನೆಯದು ಅದಕ್ಕೆ ಒತ್ತಿಕೊಂಡು ಹೋಯಿತು. ಮೂರು, ನಾಲ್ಕು. ತಿರುವಿನಲ್ಲಿ ಅವನು ಹಿಡಿಗೆ ಮೈ ಒರಗಿಸಿ ಉಸಿರು ತೆಗೆದುಕೊಳ್ಳುವುದು ಗದ್ದೆಯ ಮೂಲೆಯಲ್ಲಿ ನಿಂತಿದ್ದ ಕಾಂತಿಗೆ ಮಾತ್ರ ಕಾಣುತ್ತಿತ್ತು. ಹೆಗ್ಡೆಯವರು ತಲೆದೂಗಿದರು. ಸುಬ್ಬಪ್ಪ ಉಗುಳಿದ.

ಐದನೆಯ ಸಾಲು ಅರ್ಧಕ್ಕೆ ಬಂದಾಗ ಕಾಂತಿಗೆ ಆ ಜಾಗ ನೆನಪಾಯಿತು. ಅಲ್ಲಿ ಒಂದು ಗೇಣು ಮಣ್ಣಿನಡಿ ಹಾಸುಬಂಡೆಯಿತ್ತು. ಮೇಲಿನಿಂದ ನೋಡಿದರೆ ಗದ್ದೆ ಅಂಗೈಯ ಹಾಗೆ ಸಪಾಟು. ಮದುವೆಯಾಗಿ ಬಂದ ವರ್ಷದಿಂದ ಅವಳು ನೋಡಿದ್ದಳು, ಅಲ್ಲಿಗೆ ಬಂದಾಗ ನೇಗಿಲು ತಾನಾಗಿ ಬಲಕ್ಕೆ ಬಳಸಿ ಹೋಗುತ್ತಿತ್ತು. ಇವತ್ತು ಬಳಸಿದರೆ ಗದ್ದೆ ಹೋಗುತ್ತದೆ. ಬಳಸದಿದ್ದರೆ ನೇಗಿಲು ಹೋಗುತ್ತದೆ.

ಮುಂಡಪ್ಪ ಕೋಣಗಳನ್ನು ನಿಲ್ಲಿಸಿದ.

"ನೋಡಿ ಧಣಿ, ನಿಂತೇಬಿಟ್ಟ!" ಸುಬ್ಬಪ್ಪ ಎಂದ. "ನಾನು ಹೇಳ್ಲಿಲ್ವಾ? ಎಲ್ಲಿಗೆ ಹೋಗುವುದು ಅಂತಲೇ ಗೊತ್ತಿಲ್ಲ ಅವನಿಗೆ."

ಮುಂಡಪ್ಪ ಹೆಗ್ಡೆಯವರ ಕಡೆ ತಿರುಗಿದ. "ಧಣಿ, ಇಲ್ಲಿ ಒಂದು ಕಲ್ಲುಂಟು. ನನ್ನ ಸೋದರಮಾವ ಹೂಡುವಾಗ ಇಲ್ಲಿ ಸಾಲು ಬಿಡುತ್ತಿದ್ದರು. ನಾನೂ ಬಿಡ್ತೇನೆ. ಇವತ್ತು ಬಿಡಬಹುದಾ? ಕೇಳಿಯೇ ಹೋಗುವ ಅಂತ ನಿಂತೆ."

"ಕಲ್ಲಾ?" ಹೆಗ್ಡೆಯವರು ಹುಬ್ಬು ಗಂಟಿಕ್ಕಿದರು. "ನನ್ನ ಗದ್ದೆಯಲ್ಲಿ ಕಲ್ಲುಂಟಾ?"

"ಎಂತ ಕಲ್ಲು ಧಣಿ, ನೆಪ!" ಎಂದ ಸುಬ್ಬಪ್ಪ. "ನಾನಾದರೆ ಹಗ್ಗ ಹಿಡಿದ ಹಾಗೆ ಹೋಗ್ತಿದ್ದೆ."

"ಹೋಗು ಮಾರಾಯ," ಮುಂಡಪ್ಪ ನೇಗಿಲಿನಿಂದ ಕೈ ತೆಗೆಯದೆ ಶಾಂತವಾಗಿ ಹೇಳಿದ. "ನೇಗಿಲು ಮಾತ್ರ ನಿನ್ನದು ತಾ."

ಹೆಗ್ಡೆಯವರು ಚಪ್ಪಲಿಯನ್ನು ಬದುವಿನಲ್ಲಿ ಬಿಟ್ಟು ಗದ್ದೆಗೆ ಇಳಿದರು. ಹೊಸ ಮಣ್ಣಿನಲ್ಲಿ ಅವರ ಪಾದ ಹೂತುಹೋಗುತ್ತಿತ್ತು. ಕೋಣಗಳ ಎದುರಿಗೆ ಬಂದು, ಕೊಡೆಯನ್ನು ಮಡಚಿ, ಅದರ ತುದಿಯನ್ನು ಮಣ್ಣಿಗೆ ಒತ್ತಿದರು. ಟಣ್ ಎಂದಿತು. ಒಂದು ಮಾರು ಆಚೆ ಒತ್ತಿದರು. ಅಲ್ಲೂ ಟಣ್ ಎಂದಿತು. ಸ್ವಲ್ಪ ಹೊತ್ತು ಅವರು ತಮ್ಮ ಗದ್ದೆಯನ್ನು ಈಗಷ್ಟೇ ಕಂಡವರ ಹಾಗೆ ಸುತ್ತ ನೋಡಿದರು.

"ಬಿಡು," ಎಂದರು, ದಾರಿ ಕೊಟ್ಟು ಪಕ್ಕಕ್ಕೆ ಸರಿಯುತ್ತಾ. "ನೀನು ಯಾವಾಗಲೂ ಬಿಡುವ ಹಾಗೆಯೇ ಬಿಡು."

ಮುಂಡಪ್ಪ ಬಾಯಿಯಲ್ಲಿ ಸಣ್ಣ ಸದ್ದು ಮಾಡಿದ. ಕೋಣಗಳು ಬಲಕ್ಕೆ ವಾಲಿ, ಬಂಡೆಯನ್ನು ಬಳಸಿ, ಮತ್ತೆ ಹಳೆಯ ಗೆರೆಗೆ ಬಂದು ಸೇರಿದವು. ಹುಳ ಹೆಕ್ಕುತ್ತಾ ಹಿಂದೆ ಬರುತ್ತಿದ್ದ ನಾಲ್ಕು ಬೆಳ್ಳಕ್ಕಿಗಳೂ ಆ ಜಾಗಕ್ಕೆ ಬಂದಾಗ ಒಂದರ ಹಿಂದೆ ಒಂದು ಬಲಕ್ಕೆ ತಿರುಗಿ, ನಿಧಾನವಾಗಿ ಹೆಜ್ಜೆಯಿಡುತ್ತಾ ಸಾಲಿನೊಳಗೇ ನಡೆದವು.