ಒಡೆದ ಮೆಷೀನಿಗೊಂದು ಮೆತ್ತೆ

ದರ್ಜಿ ಆರು ವರ್ಷ ಆಸೆಪಟ್ಟು ಆನ್‌ಲೈನಿನಲ್ಲಿ ತರಿಸಿದ ಹೊಲಿಗೆ ಮೆಷೀನು ಪೆಟ್ಟಿಗೆಯೊಳಗೇ ಗಲಗಲ ಎನ್ನುತ್ತಾ ಮನೆಗೆ ಬಂತು. ಅಷ್ಟು ಭಾರದ, ಅಷ್ಟು ದುಬಾರಿ ಯಂತ್ರಕ್ಕೆ ಕಂಪನಿಯ ಪುಣ್ಯಾತ್ಮರು ಸುತ್ತಿದ್ದು ಒಂದೇ ಒಂದು ಹಾಳೆ ಹಳೆಯ ಪೇಪರು. ಮೆಷೀನು ಕುತ್ತಿಗೆಯ ಹತ್ತಿರ ಮುರಿದು ಎರಡು ಹೋಳಾಗಿತ್ತು. ಫೋಟೋ ತೆಗೆದಿಡಬೇಕೆಂದು ಗಂಡಹೆಂಡತಿ ಇಬ್ಬರಿಗೂ ಹೊಳೆಯಲೇ ಇಲ್ಲ.

"ಅದೇ ಪೆಟ್ಟಿಗೇಲಿ ವಾಪಸ್ ಕಳಿಸಿ, ಪರೀಕ್ಷೆ ಮಾಡಿ ಹೇಳ್ತೀವಿ," ಎಂದಿತು ಕಂಪನಿಯ ಫೋನಿನ ದನಿ.

ಅರೆಬರೆ ಕೆಲಸ ಮಾಡುವುದು ದರ್ಜಿಯ ಜಾಯಮಾನವಲ್ಲ. ಅಂಗಡಿಯ ಚಿಂದಿಯನ್ನೆಲ್ಲ ಒಟ್ಟುಮಾಡಿ, ಮುರಿದ ಮೆಷೀನಿನ ಅಳತೆ ತೆಗೆದುಕೊಂಡು, ಅದರ ಮೈಗೆ ಸರಿಯಾಗಿ ಕೂರುವ ದಪ್ಪ ಮೆತ್ತೆಯೊಂದನ್ನು ಎರಡು ದಿನ ಕೂತು ಹೊಲಿದ.

"ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು," ಎಂದಳು ಹೆಂಡತಿ.

"ದಾರೀಲಿ ಇನ್ನಷ್ಟು ಮುರಿದ್ರೆ ನಾವೇ ಮುರಿದ್ವಿ ಅಂತಾರೆ ಕಣೇ. ಸುಮ್ನಿರು."

ಕಳಿಸಿದ ಹದಿನೈದನೆಯ ದಿನ ಪೆಟ್ಟಿಗೆ ಹಿಂದಕ್ಕೆ ಬಂತು, ಮತ್ತೆ ಗಲಗಲ ಎನ್ನುತ್ತಾ. ಒಳಗೆ ಮೆತ್ತೆ ಇರಲಿಲ್ಲ. ಒಂದು ಹಾಳೆ ಪೇಪರು, ಅದರಡಿ ಈಗ ಮೂರು ಹೋಳಾದ ಮೆಷೀನು, ಮೇಲೊಂದು ಪತ್ರ. ಹೆಂಡತಿ ಗಟ್ಟಿಯಾಗಿ ಓದಿದಳು: 'ಪ್ಯಾಕಿಂಗ್ ಪರಿಶೀಲಿಸಲಾಗಿದ್ದು, ಅತ್ಯುತ್ತಮವಾಗಿದೆ. ಇಂಥ ಪ್ಯಾಕಿಂಗಿನಲ್ಲಿ ಸಾಗಣೆಯ ವೇಳೆ ಹಾನಿಯಾಗುವುದು ಅಸಾಧ್ಯ. ಆದ್ದರಿಂದ ಹಾನಿ ನಿಮ್ಮಲ್ಲಿಯೇ ಆಗಿದೆ. ಹಣ ಮರಳಿಸಲಾಗುವುದಿಲ್ಲ.'

ಹೆಂಡತಿ ಪತ್ರವನ್ನು ನಾಲ್ಕಾಗಿ ಮಡಚಿ ಗಂಡನ ಅಂಗೈಯಲ್ಲಿಟ್ಟಳು.

"ನಿಮ್ಮ ಹೊಲಿಗೆ ಮೆಚ್ಚಿದಾರೆ ಕಣ್ರೀ," ಎಂದಳು.